ಬರೊಕ್ ಸಂಗೀತವನ್ನು ಅದರ ಕಾಲದ ಕ್ರಮವರಿತು ನುಡಿಸುವುದು ಹೇಗೆ

ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗಿನ ಸಂಗೀತವನ್ನು ಬರೊಕ್ ಎನ್ನುತ್ತಾರೆ. ಆ ಕಾಲದ ಇಟಲಿಯ ಪಿಟೀಲು ವಾದಕ, ರಚನಕಾರ ಆರ್ಕಾಂಜೆಲೊ ಕೊರೆಲ್ಲಿ 1700ರಲ್ಲಿ ರೋಮ್ ನಗರದಲ್ಲಿ ಪ್ರಕಟಿಸಿದ ಹನ್ನೆರಡು ಪಿಟೀಲು ಸೊನಾಟಾಗಳ (ಹಲವು ಭಾಗಗಳ ವಾದ್ಯಕೃತಿಗಳ) ಸಂಪುಟವನ್ನು ತೆರೆದು ಮೊದಲ ಆರರಲ್ಲಿ ಯಾವುದಾದರೊಂದು ನಿಧಾನಗತಿಯ ಭಾಗವನ್ನು ನೋಡಿದರೆ, ಪುಟದ ಮೇಲೆ ಹೆಚ್ಚೇನೂ ಕಾಣುವುದಿಲ್ಲ. ಕೆಲವು ದೀರ್ಘ ಸ್ವರಗಳು, ಅವುಗಳ ಕೆಳಗೆ ಮಂದ್ರದ ಒಂದು ಸಾಲು, ಆ ಸಾಲಿಗೆ ಅಲ್ಲಲ್ಲಿ ಅಂಟಿದ, ಜೊತೆಗೆ ನುಡಿಸಬೇಕಾದ ಸ್ವರಗಳನ್ನು ಸೂಚಿಸುವ ಅಂಕಿಗಳು, ಅಷ್ಟೆ. ಬರೆದಷ್ಟನ್ನೇ ನುಡಿಸಿದರೆ ಮೊದಲ ವರ್ಷದ ಅಭ್ಯಾಸಪಾಠದಂತೆ ಕೇಳುತ್ತದೆ. ಹತ್ತು ವರ್ಷಗಳ ನಂತರ ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕ ಎಸ್ತಿಯೆನ್ ರೋಜೆ ಇದೇ ಸೊನಾಟಾಗಳನ್ನು ಮತ್ತೆ ಅಚ್ಚುಹಾಕಿದಾಗ, ಆ ಆರು ಸೊನಾಟಾಗಳ ನಿಧಾನಗತಿಯ ಭಾಗಗಳಿಗೆ ಇನ್ನೊಂದು ಸಾಲನ್ನು ಸೇರಿಸಿ, ಕೊರೆಲ್ಲಿ ಸ್ವತಃ ನುಡಿಸುವ ರೀತಿ ಇದೇ ಎಂದು ಸಾರಿದ. ಆ ಸಾಲಿನಲ್ಲಿ ಒಂದೊಂದು ದೀರ್ಘ ಸ್ವರದ ಜಾಗದಲ್ಲಿ ಹತ್ತು ಹದಿನೈದು ಸ್ವರಗಳು ಹರಿಯುತ್ತವೆ. ಅದು ನಿಜವಾಗಿ ಕೊರೆಲ್ಲಿಯದೇ ಹೌದೇ ಎಂದು ಇಂಗ್ಲೆಂಡಿನ ಸಂಗೀತ ಲೇಖಕ ರೋಜರ್ ನಾರ್ತ್ ಆಗಲೇ ಸಂಶಯಪಟ್ಟಿದ್ದ. ಆದರೆ 1710ರ ಸುಮಾರಿಗೆ ಯಾರೋ ಒಬ್ಬ ಸಮರ್ಥ ವಾದಕ ಆ ಬೋಳು ಸಾಲನ್ನು ಹೀಗೆ ತುಂಬಿಸುತ್ತಿದ್ದ ಎಂಬುದರಲ್ಲಿ ಸಂಶಯವಿಲ್ಲ.

ಈ ಎರಡು ಸಾಲುಗಳ ನಡುವಿನ ಅಂತರವೇ ನಮ್ಮ ಕೆಲಸದ ಕ್ಷೇತ್ರ. ಆ ಕಾಲದ ಸ್ವರಲಿಪಿ ಸಂಪ್ರದಾಯವನ್ನು ಮೊದಲೇ ಬಲ್ಲವರಿಗಾಗಿ ಬರೆದ ಟಿಪ್ಪಣಿಯಾಗಿತ್ತು. ಗುರುಮುಖದಿಂದ ಪಾಠವಾದವನಿಗೆ ಸ್ವರಸಾಹಿತ್ಯದ ಹಾಳೆ ಎಷ್ಟನ್ನು ನೆನಪಿಸುತ್ತದೆಯೋ ಅಷ್ಟನ್ನೇ ಅದೂ ನೆನಪಿಸುತ್ತಿತ್ತು. ಹೇಳದೆ ಬಿಟ್ಟದ್ದು ಎಲ್ಲರಿಗೂ ಗೊತ್ತಿದ್ದದ್ದು. ನಮಗೆ ಆ ಗುರುಪರಂಪರೆ ತುಂಡಾಗಿರುವುದರಿಂದ, ಅದೇ ಕಾಲದವರು ಬರೆದಿಟ್ಟ ಬೋಧನಗ್ರಂಥಗಳು, ಉಳಿದುಬಂದ ವಾದ್ಯಗಳು ಮತ್ತು ಹಸ್ತಪ್ರತಿಗಳ ಮೂಲಕ ಹೇಳದೆ ಬಿಟ್ಟದ್ದನ್ನು ಮತ್ತೆ ಕಲಿಯಬೇಕಾಗಿದೆ. ಇದಕ್ಕೆ ಹಳೆಯ ವಾದ್ಯವನ್ನು ಕೊಂಡುಕೊಳ್ಳುವುದು ಮೊದಲ ಹೆಜ್ಜೆ ಎಂದು ಹಲವರು ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ನಾಲ್ಕನೆಯ ಅಥವಾ ಐದನೆಯ ಹೆಜ್ಜೆ.

ಮೊದಲು ಊರು, ದಶಕ

"ಬರೊಕ್ ಶೈಲಿ" ಎಂಬ ಒಂದೇ ಶೈಲಿ ಎಂದೂ ಇರಲಿಲ್ಲ. ನುಡಿಸಬೇಕೆಂದಿರುವ ಕೃತಿ ಯಾವ ಊರಿನಲ್ಲಿ, ಯಾವ ದಶಕದಲ್ಲಿ, ಯಾರ ಮುಂದೆ ನುಡಿಸಲು ಹುಟ್ಟಿತು ಎಂಬುದನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಪ್ರತಿಯೊಂದು ತೀರ್ಮಾನವೂ ಆ ಚೀಟಿಗೆ ಬದ್ಧವಾಗಿರಲಿ. ಇದು ಕಟ್ಟುನಿಟ್ಟೆನಿಸಿದರೂ ಅಗತ್ಯ ಏಕೆಂದರೆ, ಒಂದು ಊರಿನ ನಿಯಮ ಇನ್ನೊಂದು ಊರಿನಲ್ಲಿ ತಪ್ಪಾಗುತ್ತಿತ್ತು. ಫ್ರೆಂಚ್ ಆಸ್ಥಾನದ ರಚನಕಾರ ಲುಲ್ಲಿಯ ವಾದ್ಯವೃಂದದ ಪದ್ಧತಿಯನ್ನು ರಚನಕಾರ ಗೇಯೋರ್ಗ್ ಮುಫಾಟ್ 1698ರಲ್ಲಿ ವಿವರಿಸಿ, ಪ್ರತಿ ಬಾರ್‌ನ (ತಾಳದ ಒಂದು ಆವರ್ತದಷ್ಟು ಭಾಗದ) ಮೊದಲ ಸ್ವರಕ್ಕೆ ಕಮಾನನ್ನು ಕೆಳಕ್ಕೇ ಎಳೆಯಬೇಕು ಎಂಬ ಫ್ರೆಂಚರ ನಿಯಮವನ್ನು ಎತ್ತಿಹಿಡಿದ. ಇಟಲಿಯಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ಫ್ರಾಂಚೆಸ್ಕೊ ಜೆಮಿನಿಯಾನಿ 1751ರ ತನ್ನ ಪಿಟೀಲು ಗ್ರಂಥದಲ್ಲಿ ಇದೇ ನಿಯಮವನ್ನು ದರಿದ್ರ ನಿಯಮವೆಂದು ಜರಿದು, ಅದರಿಂದ ದೂರವಿರಲು ವಿದ್ಯಾರ್ಥಿಗೆ ಹೇಳಿದ. ಇಬ್ಬರೂ ಸರಿಯೇ. ಲುಲ್ಲಿಯ ಸಂಗೀತ ನೃತ್ಯದ ಹೆಜ್ಜೆಗೆ ಕಟ್ಟಿದ್ದು, ಜೆಮಿನಿಯಾನಿಯದು ಹಾಡಿನ ಉಸಿರಿಗೆ ಕಟ್ಟಿದ್ದು.

ಕೊರೆಲ್ಲಿಯ ಸೊನಾಟಾಕ್ಕೆ ನಮ್ಮ ಚೀಟಿಯಲ್ಲಿ "ರೋಮ್, 1700" ಎಂದಿರುತ್ತದೆ. ಬರ್ಲಿನ್ನಿನಲ್ಲಿ 1752ರಲ್ಲಿ ಬಂದ ಕ್ವಾಂಟ್ಸ್‌ನ ಕೊಳಲು ಗ್ರಂಥ ಎಷ್ಟೇ ಸಮೃದ್ಧವಾಗಿದ್ದರೂ ಅದನ್ನು ಇಲ್ಲಿ ಎಚ್ಚರಿಕೆಯಿಂದಲೇ ಬಳಸಬೇಕು. ಅದಕ್ಕೂ ಒಂದು ಶತಮಾನ ಹಿಂದಿನ ಇಟಲಿಯ ರಚನಕಾರ ಮೊಂತೆವೆರ್ದಿಗಂತೂ ಅದು ಬಹುಮಟ್ಟಿಗೆ ಹೊಂದುವುದಿಲ್ಲ.

ಸರಿಯಾದ ಪುಟ

ಹತ್ತೊಂಬತ್ತನೆಯ ಶತಮಾನದ ಸಂಪಾದಕರು ಹಳೆಯ ಕೃತಿಗಳಿಗೆ ತಮ್ಮ ಕಾಲದ ಉದ್ದನೆಯ ಸ್ಲರ್‌ಗಳನ್ನೂ (ಸ್ವರಗಳನ್ನು ಬಿಡಿಸದೆ ಕೂಡಿಸಿ ನುಡಿಸಲು ಹೇಳುವ ಬಾಗುಗೆರೆಗಳು), ಕ್ರಮೇಣ ಏರಿ ಇಳಿಯುವ ನಾದದ ಗುರುತುಗಳನ್ನೂ, ಬೆರಳಿಡುವ ಕ್ರಮವನ್ನೂ ಧಾರಾಳವಾಗಿ ಸೇರಿಸಿದ್ದಾರೆ. ಯಾವುದು ರಚನಕಾರನದು, ಯಾವುದು ಸಂಪಾದಕನದು ಎಂದು ಬೇರ್ಪಡಿಸಿ ತೋರಿಸದ ಮುದ್ರಣವನ್ನು ಪಕ್ಕಕ್ಕಿಡಿ. ಮೂಲಪಾಠವನ್ನು ಮಾತ್ರ ಕೊಡುವ ಉರ್‌ಟೆಕ್ಸ್ಟ್ ಆವೃತ್ತಿಯೊಂದನ್ನು ಆರಿಸಿಕೊಂಡು, ಅದರ ಜೊತೆಗೆ ಮೊದಲ ಮುದ್ರಣದ ಅಥವಾ ಹಸ್ತಪ್ರತಿಯ ಛಾಯಾಪ್ರತಿಯನ್ನೂ ಎದುರಿಗಿಟ್ಟುಕೊಳ್ಳಿ. ಐಎಂಎಸ್‌ಎಲ್‌ಪಿ ಎಂಬ ಅಂತರ್ಜಾಲ ಭಂಡಾರದಲ್ಲಿ ಇಂತಹ ಸಾವಿರಾರು ಛಾಯಾಪ್ರತಿಗಳು ಉಚಿತವಾಗಿ ಸಿಗುತ್ತವೆ. ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಹಸ್ತಪ್ರತಿಗಳಿಗೆ ಬಾಖ್ ಡಿಜಿಟಲ್ ಎಂಬ ಪ್ರತ್ಯೇಕ ತಾಣವೇ ಇದೆ.

ಛಾಯಾಪ್ರತಿಯಲ್ಲಿ ಮುಖಪುಟವನ್ನು ಬಿಡದೆ ಓದಬೇಕು. ಕೊರೆಲ್ಲಿಯ ಮುಖಪುಟ ಈ ಸೊನಾಟಾಗಳು ಪಿಟೀಲಿಗೆ ಮತ್ತು "ವಿಯೊಲೊನೆ ಅಥವಾ ಚೆಂಬಲೊ"ಗೆ ಎನ್ನುತ್ತದೆ. ವಿಯೊಲೊನೆ ಮಂದ್ರದ ತಂತಿವಾದ್ಯ, ಚೆಂಬಲೊ ಎಂದರೆ ತಂತಿಯನ್ನು ಮೀಟುವ ಕೀಲಿಮಣೆಯ ಹಾರ್ಪ್ಸಿಕಾರ್ಡ್. ಆ "ಅಥವಾ" ಎಂಬ ಪದವನ್ನು ಇಂದಿನ ಹೆಚ್ಚಿನ ವಾದಕರು ಗಮನಿಸದೆ, ಚೆಲ್ಲೊ ಮತ್ತು ಹಾರ್ಪ್ಸಿಕಾರ್ಡ್ ಎರಡೂ ಇರಲೇಬೇಕೆಂದುಕೊಳ್ಳುತ್ತಾರೆ. ಪಿಟೀಲು ಮತ್ತು ಒಂದು ಮಂದ್ರ ತಂತಿವಾದ್ಯ ಇಷ್ಟೇ ಇಟ್ಟುಕೊಂಡು ಒಮ್ಮೆ ನುಡಿಸಿ ನೋಡಿ. ಎರಡು ಸಾಲುಗಳ ಸಂಭಾಷಣೆ ಎಷ್ಟು ಬಿಚ್ಚಿಕೊಳ್ಳುತ್ತದೆ ಎಂಬುದು ಮೊದಲ ಪುಟದಲ್ಲೇ ತಿಳಿಯುತ್ತದೆ.

ಗ್ರಂಥಗಳನ್ನು ಓದುವ ಬಗೆ

ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಐದಾರು ವರ್ಷಗಳೊಳಗೆ ಮೂರು ದೊಡ್ಡ ಜರ್ಮನ್ ಗ್ರಂಥಗಳು ಬಂದವು: 1752ರಲ್ಲಿ ಕ್ವಾಂಟ್ಸ್‌ನದು ಕೊಳಲಿಗೆ, 1753ರಲ್ಲಿ ಕಾರ್ಲ್ ಫಿಲಿಪ್ ಎಮಾನುವೆಲ್ ಬಾಖ್‌ನದು ಕೀಬೋರ್ಡಿಗೆ, 1756ರಲ್ಲಿ ಲಿಯೊಪೋಲ್ಡ್ ಮೊಜಾರ್ಟ್‌ನದು ಪಿಟೀಲಿಗೆ. ಫ್ರೆಂಚ್ ಸಂಗೀತಕ್ಕೆ ಫ್ರಾಂಸ್ವಾ ಕೂಪರಾಂ 1716ರಲ್ಲಿ ಬರೆದ ಹಾರ್ಪ್ಸಿಕಾರ್ಡ್ ಗ್ರಂಥವಿದೆ, ಇಟಲಿಯ ಗಾಯನಕ್ಕೆ 1602ರ ಕಾಚ್ಚೀನಿಯ ಮುನ್ನುಡಿಯೂ 1723ರ ಟೋಸಿಯ ಪುಸ್ತಕವೂ ಇವೆ. ನಿಮ್ಮ ವಾದ್ಯಕ್ಕಾಗಿ ಬರೆದದ್ದನ್ನು ಮಾತ್ರ ಓದಿ ನಿಲ್ಲಬೇಡಿ. ಕ್ವಾಂಟ್ಸ್‌ನ ಪುಸ್ತಕದಲ್ಲಿ ಕೊಳಲಿಗೆ ಮೀಸಲಾದದ್ದು ಒಂದು ಭಾಗ ಮಾತ್ರ. ಉಳಿದದ್ದು ಪಿಟೀಲಿನವರು, ಚೆಲ್ಲೊದವರು, ಹಾರ್ಪ್ಸಿಕಾರ್ಡಿನವರು ಏನು ಮಾಡಬೇಕೆಂಬ ಉಪದೇಶ.

ಓದುವಾಗ ಗ್ರಂಥಕರ್ತರು ಜಗಳವಾಡುವುದನ್ನು ಗುರುತುಹಾಕಿಕೊಳ್ಳಿ, ಏಕೆಂದರೆ ಒಬ್ಬನು ನಿಷೇಧಿಸುವುದನ್ನು ಅವನ ಸುತ್ತಲಿನ ಜನ ಮಾಡುತ್ತಿದ್ದರು ಎಂದೇ ಅರ್ಥ. ಬೆರಳಿನ ಕಂಪನ, ಅಂದರೆ ವೈಬ್ರಾಟೊ, ಇದಕ್ಕೆ ಒಳ್ಳೆಯ ಉದಾಹರಣೆ. ಜೆಮಿನಿಯಾನಿ ಅದನ್ನು ಸಾಧ್ಯವಾದಷ್ಟು ಹೆಚ್ಚಾಗಿ ಬಳಸಿ ಎನ್ನುತ್ತಾನೆ. ಐದು ವರ್ಷಗಳ ಬಳಿಕ ಲಿಯೊಪೋಲ್ಡ್ ಮೊಜಾರ್ಟ್, ಪ್ರತಿ ಸ್ವರದ ಮೇಲೂ ಜ್ವರ ಬಂದವರಂತೆ ನಡುಗುವ ವಾದಕರನ್ನು ಗೇಲಿ ಮಾಡುತ್ತಾನೆ. ಹಾಗಾಗಿ "ಆ ಕಾಲದಲ್ಲಿ ಕಂಪನವೇ ಇರಲಿಲ್ಲ" ಎಂಬ, ಈಗಲೂ ತರಗತಿಗಳಲ್ಲಿ ಕೇಳಿಬರುವ ಮಾತು ನಿಲ್ಲುವುದಿಲ್ಲ. ಕಂಪನವನ್ನು ನಾದದ ಸಹಜ ಸ್ಥಿತಿ ಎನ್ನದೆ ಒಂದು ಅಲಂಕಾರವೆಂದು ಎಣಿಸಿ, ದೀರ್ಘ ಸ್ವರದ ಮಧ್ಯದಲ್ಲೋ ಕೊನೆಯ ಸ್ವರದ ಮೇಲೋ ಬೇಕೆಂದೇ ಇಡುವುದು ನ್ಯಾಯವಾದ ಮಾರ್ಗ.

ವಾದ್ಯ, ಕಮಾನು, ತಂತಿ

ಹಣವಿದ್ದರೆ ಮೊದಲು ಬದಲಿಸಬೇಕಾದದ್ದು ಕಮಾನು. ಇಂದಿನ ಒಳಬಾಗಿದ ಕಮಾನು 1780ರ ದಶಕದ ಸುಮಾರಿಗೆ ಪ್ಯಾರಿಸ್ಸಿನ ಫ್ರಾಂಸ್ವಾ ತುರ್ತ್‌ನ ಕೈಯಲ್ಲಿ ರೂಪುಗೊಂಡಿತು. ತುದಿಯವರೆಗೂ ಒಂದೇ ತೂಕದಲ್ಲಿ ಎಳೆಯಲು ಅದನ್ನು ರಚಿಸಲಾಗಿದೆ. ಅದಕ್ಕೂ ಹಿಂದಿನ ಕಮಾನು ಹಗುರ, ಹೊರಬಾಗಿದ್ದು, ತುದಿಯಲ್ಲಿ ತೂಕ ಕಡಿಮೆ. ಎಳೆತ ಮುಗಿಯುತ್ತಿದ್ದಂತೆ ನಾದ ತಾನಾಗಿಯೇ ಕರಗುತ್ತದೆ. ಸ್ವರವೊಂದು ಹುಟ್ಟಿ, ಉಬ್ಬಿ, ಮಾಯವಾಗುವುದನ್ನು ಗ್ರಂಥಗಳಲ್ಲಿ ಓದಿ ಕಷ್ಟಪಟ್ಟು ಅನುಕರಿಸುವ ಬದಲು, ಅದು ಕೈಗೆ ತಾನಾಗಿಯೇ ಬರುತ್ತದೆ. ಸಾಮಾನ್ಯ ಪಿಟೀಲಿನ ಮೇಲೂ ಇದನ್ನು ಬಳಸಬಹುದು. ಆಮೇಲೆ ಕರುಳಿನ ತಂತಿಗಳು, ಕೊನೆಗೆ ವಾದ್ಯ. ಗಲ್ಲದ ಹಲಗೆ 1820ರ ಸುಮಾರಿಗೆ ಲೂಯಿ ಷ್ಪೋರ್ ತಂದದ್ದಾದ್ದರಿಂದ ಅದನ್ನು ತೆಗೆದು ನುಡಿಸುವುದು ಕ್ರಮ. ಆದರೆ ಎಡಗೈ ಬಿಗಿಯದಂತೆ ಸ್ಥಾನ ಬದಲಿಸಲು ಹಲವು ತಿಂಗಳು ಹಿಡಿಯುತ್ತದೆ, ಕಛೇರಿಯ ಹಿಂದಿನ ವಾರ ಆರಂಭಿಸಬೇಡಿ.

ಹೊಸ ವಾದ್ಯವನ್ನೇ ನುಡಿಸುವವರು ಇದರಿಂದ ಹೊರಗುಳಿಯಬೇಕಿಲ್ಲ. ಮಾತಿನಂತಹ ಉಚ್ಚಾರ, ಗತಿ, ಅಲಂಕಾರ ಇವೆಲ್ಲ ವಾದ್ಯಕ್ಕಿಂತ ಹೆಚ್ಚಾಗಿ ವಾದಕನಲ್ಲಿವೆ. ಪ್ರಾಮಾಣಿಕವಾಗಿ ನೋಡಿದರೆ "ಹಳೆಯ" ವಾದ್ಯಗಳೂ ಪೂರ್ತಿ ಹಳೆಯವಲ್ಲ. ಇಂದು ಬರೊಕ್ ಟ್ರಂಪೆಟ್ ಎಂದು ನುಡಿಸುವ ಹೆಚ್ಚಿನವುಗಳಲ್ಲಿ ಶ್ರುತಿ ಸರಿಪಡಿಸಲು ಇರುವ ರಂಧ್ರಗಳು ಇಪ್ಪತ್ತನೆಯ ಶತಮಾನದ ಸೇರ್ಪಡೆ. ಬಾಖ್‌ನ ಟ್ರಂಪೆಟ್ ವಾದಕ ಅದನ್ನು ತುಟಿಯಿಂದಲೇ ಸಾಧಿಸುತ್ತಿದ್ದ.

ಶ್ರುತಿ

ಮಧ್ಯದ "ಎ" ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂಬುದು 1939ರ ಲಂಡನ್ ಸಮ್ಮೇಳನದಲ್ಲಿ ಒಪ್ಪಿದ ಸಂಖ್ಯೆ. ಹಳೆಯ ಕಾಲದಲ್ಲಿ ಊರೂರಿಗೆ ಶ್ರುತಿ ಬೇರೆ. ವೆನಿಸ್ಸಿನಲ್ಲಿ ಅದು ಸುಮಾರು 465ರವರೆಗೆ ಏರಿದ್ದರೆ ರೋಮಿನಲ್ಲೂ ಫ್ರಾನ್ಸಿನ ಒಪೆರಾದಲ್ಲೂ 392ರ ಆಸುಪಾಸಿನಲ್ಲಿತ್ತು. ಇಂದು ಬಹುತೇಕ ಎಲ್ಲ ಬರೊಕ್ ತಂಡಗಳೂ ಹಿಡಿಯುವ 415 ಒಂದು ಅನುಕೂಲದ ಒಪ್ಪಂದ: ಅದು 440ಕ್ಕಿಂತ ಸರಿಯಾಗಿ ಒಂದು ಸೆಮಿಟೋನ್, ಅಂದರೆ ಪಕ್ಕದ ಕೀಲಿಯಷ್ಟು, ಕೆಳಗಿರುವುದರಿಂದ, ಹಾರ್ಪ್ಸಿಕಾರ್ಡಿನ ಕೀಲಿಮಣೆಯನ್ನು ಒಂದು ಮನೆ ಸರಿಸಿದರೆ ಎರಡಕ್ಕೂ ಒದಗುತ್ತದೆ. ಗಾಯಕರಿದ್ದರೆ ಮಾತ್ರ ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಳ್ಳಿ. ತಾರಸ್ಥಾಯಿಯಲ್ಲಿ ಕಿರುಚಬೇಕಾಗಿ ಬರುವ ಫ್ರೆಂಚ್ ಗೀತೆ 392ರಲ್ಲಿ ಸಲೀಸಾಗಿ ಕುಳಿತುಕೊಳ್ಳುತ್ತದೆ.

ಇದಕ್ಕಿಂತ ಹೆಚ್ಚು ಫಲ ಕೊಡುವುದು ಸ್ವರಾಂತರಗಳ ಹೊಂದಾಣಿಕೆ. ಇಂದಿನ ಪಿಯಾನೊದಲ್ಲಿ ಷಡ್ಜದಿಂದ ಅಂತರ ಗಾಂಧಾರಕ್ಕೆ 400 ಸೆಂಟ್‌ಗಳ ದೂರವಿದೆ. ಅಲೆಯಿಲ್ಲದೆ ಷಡ್ಜದೊಂದಿಗೆ ಕೂಡುವ ಅಂತರ ಗಾಂಧಾರ ಇರುವುದು 386ರಲ್ಲಿ. ಸೆಂಟ್ ಎಂದರೆ ಸೆಮಿಟೋನಿನ ನೂರನೆಯ ಒಂದು ಭಾಗ. ತಂಬೂರಿಯ ನಾದದೊಳಗೆ ತಾನಾಗಿ ಕೇಳುವ ಗಾಂಧಾರಕ್ಕೆ ಕಿವಿ ಹೊಂದಿಸಿಕೊಂಡವರಿಗೆ ಪಿಯಾನೊದ ಗಾಂಧಾರ ಸ್ವಲ್ಪ ಎತ್ತರಕ್ಕೆ ಎಳೆದಂತೆ ಕೇಳುವುದು ಈ ಹದಿನಾಲ್ಕು ಸೆಂಟ್‌ಗಳಿಂದಲೇ. ಹದಿನಾರು ಮತ್ತು ಹದಿನೇಳನೆಯ ಶತಮಾನದ ಕೀಬೋರ್ಡುಗಳನ್ನು ಹೆಚ್ಚಾಗಿ ಮೀನ್‌ಟೋನ್ ಪದ್ಧತಿಯಲ್ಲಿ ಹೊಂದಿಸುತ್ತಿದ್ದರು. ಅದರಲ್ಲಿ ಪಂಚಮವನ್ನು ಐದಾರು ಸೆಂಟ್ ಕಿರಿದು ಮಾಡಿ ಗಾಂಧಾರವನ್ನು ಶುದ್ಧವಾಗಿ ಉಳಿಸಿಕೊಳ್ಳಲಾಗುತ್ತದೆ. ಬೆಲೆಯಾಗಿ, ಜಿ-ಶಾರ್ಪ್ (ಜಿಗಿಂತ ಏರಿಸಿದ ಸ್ವರ) ಇದ್ದಲ್ಲಿ ಎ-ಫ್ಲಾಟ್ (ಎಗಿಂತ ಇಳಿಸಿದ ಸ್ವರ) ಇರುವುದಿಲ್ಲ, ಎರಡರ ನಡುವೆ 41 ಸೆಂಟ್‌ಗಳ ಅಂತರ ಬೀಳುತ್ತದೆ. ಬಾಖ್‌ನ ಪೀಳಿಗೆಯ ಹೊತ್ತಿಗೆ ವೆರ್ಕ್‌ಮೈಸ್ಟರ್ 1691ರಲ್ಲಿ ವಿವರಿಸಿದಂತಹ, ಎಲ್ಲ ಶ್ರುತಿಗಳಲ್ಲೂ ನುಡಿಸಬಹುದಾದ ಆದರೆ ಒಂದೊಂದರ ಬಣ್ಣವೂ ಬೇರೆಯಾಗಿರುವ ಹೊಂದಾಣಿಕೆಗಳು ಬಂದಿದ್ದವು. ಪಿಟೀಲಿನವರಿಗೂ ಇದರಿಂದ ಬಿಡುಗಡೆಯಿಲ್ಲ: ಶಾರ್ಪ್ ಸ್ವರ ಅದರ ಪಕ್ಕದ ಫ್ಲಾಟ್‌ಗಿಂತ ಕೆಳಗಿರಬೇಕು ಎಂದು ಲಿಯೊಪೋಲ್ಡ್ ಮೊಜಾರ್ಟ್ ಬರೆಯುತ್ತಾನೆ, ಕ್ವಾಂಟ್ಸ್ ಇದಕ್ಕಾಗಿಯೇ ತನ್ನ ಕೊಳಲಿಗೆ ಎರಡನೆಯ ಕೀಲಿಯನ್ನು ಸೇರಿಸಿದ. ಆಧುನಿಕ ತರಬೇತಿ ಕಲಿಸುವುದು ಇದಕ್ಕೆ ವಿರುದ್ಧವಾದದ್ದನ್ನು. ಆದ್ದರಿಂದ ಮಂದ್ರದ ಸ್ವರವನ್ನು ಹಿಡಿದು ನಿಲ್ಲಿಸಿಕೊಂಡು, ಅದರ ಮೇಲೆ ಒಂದೊಂದೇ ಗಾಂಧಾರವನ್ನು ಅಲೆ ಅಡಗುವವರೆಗೆ ಕೂಡಿಸುವ ಅಭ್ಯಾಸವನ್ನು ದಿನಕ್ಕೆ ಹತ್ತು ನಿಮಿಷ ಮಾಡಿ.

ನುಡಿಯುವ ಹಾಗೆ ನುಡಿಸುವುದು

ಇಡೀ ಪದ್ಧತಿಯಲ್ಲಿ ಒಂದನ್ನೇ ಕಲಿಯಲು ಸಮಯವಿದ್ದರೆ ಇದನ್ನು ಕಲಿಯಿರಿ. ಹ್ಯಾಂಬರ್ಗಿನ ಯೋಹಾನ್ ಮ್ಯಾಥೆಸನ್ 1739ರಲ್ಲಿ ವಾದ್ಯಸಂಗೀತವನ್ನು "ನಾದದ ಮಾತು" ಎಂದು ಕರೆದ. ಮಾತಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಒತ್ತು ಕೊಟ್ಟರೆ ಅರ್ಥ ಕೆಡುತ್ತದೆ. ಹಾಗೆಯೇ ನಾಲ್ಕು ಎಣಿಕೆಯ ಬಾರ್‌ನಲ್ಲಿ ಮೊದಲನೆಯದು ಹೆಚ್ಚು ಭಾರ, ಮೂರನೆಯದು ಅದಕ್ಕಿಂತ ಕಡಿಮೆ, ಎರಡು ಮತ್ತು ನಾಲ್ಕು ಹಗುರ. ಕಮಾನಿನವರು ಭಾರವನ್ನು ಕೆಳ ಎಳೆತದಿಂದಲೂ ಹಗುರವನ್ನು ಮೇಲಿನ ತಳ್ಳಿನಿಂದಲೂ ಪಡೆಯುತ್ತಾರೆ. ಕೊಳಲಿನವರಿಗೆ ಕ್ವಾಂಟ್ಸ್ "ತಿ", "ದಿ", "ತಿರಿ" ಎಂಬ ನಾಲಗೆಯ ಅಕ್ಷರಗಳನ್ನು ಕೊಟ್ಟಿದ್ದಾನೆ. ಹಾರ್ಪ್ಸಿಕಾರ್ಡಿನಲ್ಲಿ ಬಲವಾಗಿ ಒತ್ತಿದರೂ ನಾದ ಹೆಚ್ಚುವುದಿಲ್ಲವಾದ್ದರಿಂದ, ಭಾರದ ಸ್ವರವನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದು, ಅದರ ಮುಂಚಿನ ಸ್ವರವನ್ನು ಬೇಗ ಬಿಟ್ಟು ಒಂದು ಎಳೆಯಷ್ಟು ಮೌನವನ್ನು ಇಡಬೇಕು. ಕಿವಿಗೆ ಆ ಮೌನವೇ ಒತ್ತಾಗಿ ಕೇಳುತ್ತದೆ.

ಸ್ಲರ್ ಇಲ್ಲದ ಸ್ವರಗಳು ಒಂದಕ್ಕೊಂದು ಅಂಟದಿರಲಿ. ಸ್ಲರ್ ಇದ್ದಲ್ಲಿ ಮೊದಲ ಸ್ವರಕ್ಕೆ ಒತ್ತು, ಉಳಿದವು ಕರಗುತ್ತ ಬರಲಿ. ಅಪಸ್ವರದಂತೆ ಘರ್ಷಿಸುವ ಸ್ವರಕೂಟ ಬಂದಾಗ ಬಲ ಹೆಚ್ಚಲಿ, ಅದು ಶಮನವಾಗುವಾಗ ಇಳಿಯಲಿ. ಕ್ವಾಂಟ್ಸ್ ಒಂದು ಪೂರ್ತಿ ಅದಾಜಿಯೊ ಭಾಗವನ್ನೇ ತೆಗೆದುಕೊಂಡು ಎಲ್ಲಿ ಬಲ, ಎಲ್ಲಿ ಮೃದು ಎಂದು ಸ್ವರ ಸ್ವರಕ್ಕೂ ಗುರುತಿಸಿ ತೋರಿಸಿದ್ದಾನೆ. ಗಾಯಕರಿಗೆ ಈ ಪಾಠ ಸುಲಭ, ಏಕೆಂದರೆ ಸಾಹಿತ್ಯವೇ ಗುರು. ರಾಗವಿಲ್ಲದೆ ಸಾಹಿತ್ಯವನ್ನು ಗಟ್ಟಿಯಾಗಿ ಓದಿ, ಒತ್ತು ಬಿದ್ದ ಅಕ್ಷರಗಳಿಗೆ ಗೆರೆ ಎಳೆದು, ಆಮೇಲೆ ಹಾಡಿ. ಲ್ಯಾಟಿನ್ ಪಠ್ಯವನ್ನು ಎಲ್ಲೆಡೆ ಇಟಲಿಯವರಂತೆ ಉಚ್ಚರಿಸುವ ರೂಢಿ ಇಪ್ಪತ್ತನೆಯ ಶತಮಾನದಲ್ಲಿ ವ್ಯಾಪಿಸಿದ್ದು; ಲೈಪ್ಜಿಗ್ಗಿನಲ್ಲಿ ಜರ್ಮನರಂತೆ, ಪ್ಯಾರಿಸ್ಸಿನಲ್ಲಿ ಫ್ರೆಂಚರಂತೆ ಉಚ್ಚರಿಸುತ್ತಿದ್ದರು, ಅದರಿಂದ ಸ್ವರಗಳ ಬಣ್ಣವೇ ಬದಲಾಗುತ್ತದೆ.

ಫ್ರೆಂಚ್ ಸಂಗೀತಕ್ಕೆ ಇನ್ನೊಂದು ಪದರವಿದೆ. ನಾವು ಬರೆಯುವುದೇ ಒಂದು, ನುಡಿಸುವುದೇ ಇನ್ನೊಂದು ಎಂದು ಕೂಪರಾಂ ಒಪ್ಪಿಕೊಳ್ಳುತ್ತಾನೆ: ಸಮನಾಗಿ ಬರೆದ, ಮೆಟ್ಟಿಲಿನಂತೆ ಏರಿಳಿಯುವ ಕ್ವೇವರ್‌ಗಳನ್ನು (ಅರ್ಧ ಎಣಿಕೆಯ ಸ್ವರಗಳನ್ನು) ಅವರು ದೀರ್ಘ-ಹ್ರಸ್ವವಾಗಿ ತೂಗಿ ನುಡಿಸುತ್ತಿದ್ದರು. ಎಷ್ಟು ತೂಗಬೇಕೆಂಬುದು ರುಚಿಗೆ ಬಿಟ್ಟದ್ದು. ಇಟಲಿಯವರು ಮಾತ್ರ ಬರೆದಂತೆಯೇ ನುಡಿಸುತ್ತಾರೆ ಎಂದೂ ಅವನೇ ಹೇಳಿರುವುದರಿಂದ, ಕೊರೆಲ್ಲಿಯ ಮೇಲೆ ಈ ತೂಗಾಟವನ್ನು ಹೇರಬೇಡಿ.

ಗತಿ

"ಅಲ್ಲೆಗ್ರೊ" ಎಂದರೆ ಉಲ್ಲಾಸ, "ಅದಾಜಿಯೊ" ಎಂದರೆ ನಿರಾಳ. ಇವು ಮೊದಲು ಭಾವದ ಹೆಸರುಗಳು, ವೇಗದ ಅಳತೆಯಾದದ್ದು ಆಮೇಲೆ. ಮೆಟ್ರೊನೋಮ್ ಬರುವುದಕ್ಕೆ ಅರ್ಧ ಶತಮಾನಕ್ಕೂ ಮುಂಚೆ ಕ್ವಾಂಟ್ಸ್ ನಾಡಿಯನ್ನು ಅಳತೆಗೋಲು ಮಾಡಿಕೊಂಡ. ಮಧ್ಯಾಹ್ನದ ಊಟವಾದ ಮೇಲೆ ಲವಲವಿಕೆಯಿಂದಿರುವ ಆರೋಗ್ಯವಂತನ ನಾಡಿ, ಅಂದರೆ ನಿಮಿಷಕ್ಕೆ ಸುಮಾರು 80 ಬಡಿತ. ನಾಲ್ಕು ಎಣಿಕೆಯ ಬಾರ್‌ನಲ್ಲಿ ಅತಿ ವೇಗದ ಅಲ್ಲೆಗ್ರೊಗೆ ಅರ್ಧ ಬಾರ್‌ಗೆ ಒಂದು ಬಡಿತ, ಅಲ್ಲೆಗ್ರೆತ್ತೊಗೆ ಕ್ರಾಚೆಟ್‌ಗೆ (ಒಂದು ಎಣಿಕೆಯ ಸ್ವರಕ್ಕೆ) ಒಂದು, ಹಾಡಿನಂತಹ ಅದಾಜಿಯೊಗೆ ಕ್ವೇವರ್‌ಗೆ ಒಂದು, ತೀರ ನಿಧಾನದ ಅದಾಜಿಯೊಗೆ ಕ್ವೇವರ್‌ಗೆ ಎರಡು. ಊಟದ ನಂತರ ಎಂಬ ಷರತ್ತು ನನಗೆ ತುಂಬ ಹಿಡಿಸಿದೆ. ಇದನ್ನು ಕಾನೂನೆಂದು ಅವನೂ ಭಾವಿಸಿರಲಿಲ್ಲ. ಗತಿಗಳ ಪರಸ್ಪರ ಅನುಪಾತ ತಿಳಿಯಲು ಬಳಸಿಕೊಳ್ಳಿ. ಸಾರಬಾಂದ್, ಮಿನುಯೆಟ್, ಜೀಗ್ ಮೊದಲಾದ ನೃತ್ಯದ ಹೆಸರಿದ್ದರೆ ಆ ಹೆಜ್ಜೆಯನ್ನು ಒಮ್ಮೆಯಾದರೂ ನೋಡಿ, ಸಾಧ್ಯವಾದರೆ ಹಾಕಿ. ಇಟಲಿಯ ಫ್ರೆಸ್ಕೊಬಾಲ್ಡಿಯ ಟೊಕಾಟಾಗಳಿಗೆ (ಕೀಬೋರ್ಡಿನ ಮುಕ್ತ ರಚನೆಗಳಿಗೆ) ಈ ಲೆಕ್ಕ ಯಾವುದೂ ಬೇಡ. 1615ರ ಮುನ್ನುಡಿಯಲ್ಲಿ ಅವನೇ, ಮಾದ್ರಿಗಾಲ್ ಎಂಬ ಬಹುಕಂಠ ಗೀತೆಯನ್ನು ಹಾಡುವಾಗಿನಂತೆ ಭಾವಕ್ಕೆ ತಕ್ಕಂತೆ ತಾಳವನ್ನು ಒಮ್ಮೆ ತಡೆದು ಒಮ್ಮೆ ಓಡಿಸಿ ಎಂದಿದ್ದಾನೆ.

ಅಲಂಕಾರ

ಫ್ರೆಂಚರು ಅಲಂಕಾರವನ್ನು ಚಿಹ್ನೆಗಳಿಂದ ಬರೆಯುತ್ತಿದ್ದರು ಮತ್ತು ಅವುಗಳ ಅರ್ಥಕ್ಕೆ ಪಟ್ಟಿ ಕೊಡುತ್ತಿದ್ದರು. ದಾಂಗ್ಲೆಬೇರ್‌ನ 1689ರ ಪಟ್ಟಿಯನ್ನು ಬಾಖ್ ತನ್ನ ಕೈಯಾರೆ ನಕಲಿಸಿಕೊಂಡಿದ್ದ. 1720ರಲ್ಲಿ ಮಗನಿಗೆಂದು ಆರಂಭಿಸಿದ ಪುಸ್ತಕದಲ್ಲಿ ತನ್ನದೇ ಚಿಕ್ಕ ಪಟ್ಟಿಯೊಂದನ್ನೂ ಬರೆದ. ಅಲ್ಲಿ ಕಾಣುವಂತೆ ಟ್ರಿಲ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ವೇಗದ ಓಲಾಟ, ಮೇಲಿನ ಸ್ವರದಿಂದ, ಎಣಿಕೆಯ ಮೇಲೆಯೇ ಆರಂಭವಾಗುತ್ತದೆ. ಈ ಬಗೆಯನ್ನು ಬಾಯಿಪಾಠ ಮಾಡಬಹುದು.

ಇಟಲಿಯ ಬಗೆಯನ್ನು ಬಾಯಿಪಾಠ ಮಾಡಲಾಗದು, ಕಟ್ಟಲು ಕಲಿಯಬೇಕು. ಮೊದಲು ಕೊರೆಲ್ಲಿಯ ಬೋಳು ಸಾಲನ್ನು ಮಂದ್ರದ ಜೊತೆ ಹತ್ತಾರು ಬಾರಿ ನುಡಿಸಿ, ಮಂದ್ರ ಬದಲಾಗುವ ಕ್ಷಣದಲ್ಲಿ ಮೇಲೆ ಯಾವ ಸ್ವರವಿದೆ ಎಂಬುದು ಕೈಗೆ ಹತ್ತಲಿ. ಆ ಸ್ವರಗಳು ಕಂಬಗಳು. ಏನೇ ಸೇರಿಸಿದರೂ ಅಲ್ಲಿಗೆ ಸರಿಯಾದ ಹೊತ್ತಿಗೆ ಬಂದು ಮುಟ್ಟಲೇಬೇಕು. ಮುಂದೆ ಒಂದೇ ಒಂದು ಅಂತರವನ್ನು, ಉದಾಹರಣೆಗೆ ಸಿ ಇಂದ ಎಫ್‌ಗೆ ಹಾರುವುದನ್ನು, ತೆಗೆದುಕೊಂಡು ಇಪ್ಪತ್ತು ಬಗೆಯಲ್ಲಿ ತುಂಬಿಸಿ: ನೇರ ಮೆಟ್ಟಿಲಾಗಿ, ದಾಟಿ ಹಿಂತಿರುಗಿ, ಕೆಳಗಿನಿಂದ ಸುತ್ತಿ. ವೆನಿಸ್ಸಿನಲ್ಲಿ ಗನಾಸ್ಸಿ 1535ರಲ್ಲಿ, ರೋಮಿನಲ್ಲಿ ಒರ್ತಿಸ್ 1553ರಲ್ಲಿ, ಎರಡು ಶತಮಾನದ ಬಳಿಕ ಕ್ವಾಂಟ್ಸ್ ತನ್ನ ಹದಿಮೂರನೆಯ ಅಧ್ಯಾಯದಲ್ಲಿ ಕಲಿಸುವ ವಿಧಾನ ಇದೇ. ಇಷ್ಟಾದ ಮೇಲೆ ಮಾತ್ರ ರೋಜೆಯ 1710ರ ಸಾಲನ್ನು ತೆರೆದು ನೋಡಿ. ಮೊದಲೇ ನೋಡಿದರೆ ಅದನ್ನೇ ನಕಲು ಮಾಡುತ್ತೀರಿ. ಈಗ ನೋಡಿದರೆ ಆ ವಾದಕ ಎಲ್ಲಿ ಸೇರಿಸದೆ ಸುಮ್ಮನಿದ್ದ ಎಂಬುದೂ ಕಾಣುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ, ಪ್ರತಿ ಬಾರ್ ಅನ್ನೂ ತುಂಬಿಸಿ ಕೊನೆಗೆ ಮುಕ್ತಾಯಕ್ಕೆ ಏನೂ ಉಳಿಸಿಕೊಳ್ಳುವುದಿಲ್ಲ. ಮೊದಲ ಭಾಗಕ್ಕೆ ಮರಳಿಬರುವ ಆರಿಯಾಗಳಲ್ಲಿ ಟೋಸಿ ಹೇಳುವ ಅಳತೆ ಉಪಯುಕ್ತ: ಮೊದಲ ಸಲ ಸರಳ, ನಡುಭಾಗದಲ್ಲಿ ಸ್ವಲ್ಪ, ಮರಳಿ ಬಂದಾಗ ಬದಲಾವಣೆ ಕಡ್ಡಾಯ.

ಮಂದ್ರದವರು

ಅಂಕಿಗಳನ್ನು ನೋಡಿ ಸ್ವರಮೇಳ ಕಟ್ಟುವುದು ದೊಡ್ಡ ವಿದ್ಯೆಯಾದರೂ ಆರಂಭ ಸರಳ: ಅಂಕಿ ಇಲ್ಲದಿದ್ದರೆ ಮೂರು ಮತ್ತು ಐದು, ಆರು ಎಂದಿದ್ದರೆ ಮೂರು ಮತ್ತು ಆರು. ಅಚ್ಚಾದ ಸಿದ್ಧ ಸ್ವರಮೇಳವನ್ನು ಹಾಗೆಯೇ ನುಡಿಸುವುದಕ್ಕಿಂತ ಎಡಗೈಯ ಸಾಲು ಮತ್ತು ಎರಡೇ ಸ್ವರಗಳು ವಾಸಿ. ಘರ್ಷಣೆ ಬಂದಲ್ಲಿ ಸ್ವರಗಳನ್ನು ಹೆಚ್ಚಿಸಿ, ಶಮನದಲ್ಲಿ ತೆಗೆಯಿರಿ, ಪಿಟೀಲಿನ ಸಾಲನ್ನು ಬಲಗೈಯಲ್ಲಿ ಮತ್ತೆ ಹೇಳಬೇಡಿ.

ಕಛೇರಿಯ ದಿನ ಕರುಳಿನ ತಂತಿ ದೀಪಗಳ ಬಿಸಿಗೂ ಸಭಿಕರ ಉಸಿರಿನ ತೇವಕ್ಕೂ ಸರಿಯುತ್ತಲೇ ಇರುತ್ತದೆ. ಒಂದು ಗಂಟೆ ಮುಂಚಿತವಾಗಿ ವಾದ್ಯವನ್ನು ಅದೇ ಸಭಾಂಗಣದಲ್ಲಿ ಇಟ್ಟು, ಹಾರ್ಪ್ಸಿಕಾರ್ಡನ್ನು ಸಭಿಕರು ಬರುವ ಮೊದಲು ಹೊಂದಿಸಿ, ಭಾಗ ಭಾಗಗಳ ನಡುವೆ ಸಂಕೋಚವಿಲ್ಲದೆ ಶ್ರುತಿ ನೋಡಿಕೊಳ್ಳಿ. ಅಭ್ಯಾಸದಲ್ಲಿ ಬರೆದುಕೊಂಡ ಅಲಂಕಾರದ ಹಾಳೆಯನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಎದುರಿಗೆ ಕೊರೆಲ್ಲಿಯ ಬೋಳು ಪುಟವನ್ನು ಮಾತ್ರ ಇಟ್ಟುಕೊಂಡು ಆರಂಭಿಸಿ.